ನೀಲಪ್ಪ ನೀರುಣಿಸಿದ ಹುಲ್ಲು

ಇಳಕಲ್ಲಿನಲ್ಲಿ ನಮ್ಮ ಗ್ರಾನೈಟ್ ಕಂಪನಿಯ ಅತಿಥಿಗೃಹದ ಹಿಂದೆ ಒಂದು ಹುಲ್ಲಿನ ಅಂಗಳವಿತ್ತು. ಹೊರದೇಶದ ಗಿರಾಕಿಗಳು ಗಾಲ್ಫ್ ಚೆಂಡನ್ನು ಸಣ್ಣ ತೂತಿಗೆ ಉರುಳಿಸಿ ಆಡಲೆಂದು ಮಾಲೀಕರು ಹಾಕಿಸಿದ್ದು. ಅದನ್ನು ಚಾಪೆಯಂತೆ ನುಣುಪಾಗಿ ಕತ್ತರಿಸಿ ಕಾಯುತ್ತಿದ್ದವನು ಕಮತಗಿಯ ನೇಕಾರ ನೀಲಪ್ಪ. ಮಗ್ಗ ನಿಂತ ಮೇಲೆ ಹೆಂಡತಿ ಶೇಖವ್ವನೊಡನೆ ಬಂದು ಅಂಗಳದ ಮೂಲೆಯ ಖೋಲಿಯಲ್ಲಿದ್ದ. ಹುಲ್ಲು ಇರುವತನಕ ಖೋಲಿ. ಇದು ಇಬ್ಬರಿಗೂ ಗೊತ್ತಿತ್ತು.

೨೦೦೩ರ ಏಪ್ರಿಲ್‌ನಲ್ಲಿ ಹುಲ್ಲಿನ ಮೇಲೆ ತಟ್ಟೆಯಗಲದ ಕಂದು ಮಚ್ಚೆಗಳೆದ್ದವು. ಮುಂಜಾನೆ ಅವುಗಳ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತಿದ್ದವು. ಉಗ್ರಾಣ ನೋಡುತ್ತಿದ್ದ ಶಾಬುದ್ದೀನ ಬಾಗಲಕೋಟೆಯಿಂದ ಔಷಧಿ ತಂದುಕೊಟ್ಟ.

"ಬೂಷ್ಟರೋಗದ ಎಣ್ಣಿ ಐತಿ, ಕಾಕಾ. ಹೊಡದ ಮ್ಯಾಲೆ ನೀರ ಬಿಡಬ್ಯಾಡ್ರಿ. ಮುಂಜಾನೆ ಅಷ್ಟ ಬಿಡ್ರಿ. ರಾತ್ರಿ ಹಸಿ ಇದ್ರ ಬೂಷ್ಟ ಹಬ್ಬತೈತಂತ."

"ಯಾರಂದ್ರಲೇ?"

"ಅಂಗಡಿಯವ್ರು."

"ಆ ಅಂಗಡ್ಯಾವ ಒಂದ ಬ್ಯಾಸಗಿ ಮಗ್ಗದ ಕುಣ್ಯಾಗ ಕುಂತು ನೋಡ್ಲಿ."

ಬೇಸಿಗೆಯಲ್ಲಿ ದೀಪ ಹಚ್ಚುವ ಹೊತ್ತಿಗೆ, ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ನೀರು ಚಿಮುಕಿಸಿ, ಸುತ್ತ ಹಸಿ ಚೀಲ ಹಾಸಿ ಮಲಗುವುದು ನೀಲಪ್ಪನ ಮನೆತನದ ರೂಢಿ. ತಪ್ಪಿದರೆ ಬೆಳಗಾಗುವುದರೊಳಗೆ ರೇಷ್ಮೆ ಒಣಗಿ ಎಳೆಗಳು ಹರಿಯುತ್ತವೆ.

ಆದರೂ ಕೆಲವು ದಿನ ಸಂಜೆ ನೀರು ಬಿಡದೆ ತಡೆದ. ಮಚ್ಚೆಗಳು ಹಬ್ಬುವುದು ನಿಂತಿತು. ಒಂದೆರಡರ ನಡುವೆ ಚಿಗುರೂ ಕಾಣಿಸಿತು. ಮೇ ತಿಂಗಳಲ್ಲಿ, ಗಿರಾಕಿಗಳು ಬರುವುದು ಹತ್ತಿರವಾದಾಗ, ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಮುದುಡತೊಡಗಿತು. ಔಷಧಿ ಹೊಡೆದ ಸಂಜೆಯೇ ನೀಲಪ್ಪ ಪೈಪು ಹಿಡಿದ.

"ಬ್ಯಾಡಂದಾರಲ್ರಿ," ಎಂದಳು ಶೇಖವ್ವ.

"ಎಳಿ ಹರದ್ರ ಗಂಟ ಹಾಕಾಕ ಬರತೈತಿ. ಹುಲ್ಲ ಒಣಗಿದ್ರ ಏನ್ ಮಾಡ್ತಿ?"

ಔಷಧಿ ತೊಳೆದುಹೋಯಿತು. ಸೆಕೆಯ ರಾತ್ರಿಗಳಲ್ಲಿ ಆರದ ಹಸಿಯ ಮೇಲೆ ಬೂಷ್ಟು ಹರಡಿತು. ಮಚ್ಚೆ ಬೆಳೆದಷ್ಟೂ ಅವನು ಔಷಧಿ ಹೊಡೆದ; ಹೊಡೆದ ಪ್ರತಿ ಸಂಜೆಯೂ ನೀರುಣಿಸಿದ. ಗಿರಾಕಿಗಳು ಬಂದ ದಿನ ಅಂಗಳವೆಲ್ಲ ಒದ್ದೆ ಗೋಣಿಯ ಬಣ್ಣಕ್ಕೆ ತಿರುಗಿತ್ತು.

ಮಾಲೀಕರು ಬೈಯಲಿಲ್ಲ. ಹುಲ್ಲನ್ನು ಕೀಳಿಸಿ, ನಮ್ಮದೇ ಗಣಿಯ ಕೆಂಪು ಕಲ್ಲು ಹಾಸಿಸಿದರು. ಕಲ್ಲಿಗೆ ಮಾಲಿ ಬೇಕಿರಲಿಲ್ಲ.

ಖೋಲಿ ಬಿಟ್ಟ ದಿನ ಶಾಬುದ್ದೀನ ಅವರ ಗಂಟುಗಳನ್ನು ಟೆಂಪೋಕ್ಕೆ ಏರಿಸಿದ.

"ಊರಾಗ ಮತ್ತ ಮಗ್ಗಕ್ಕ ಕೂಡ್ತೀರೇನ್, ಕಾಕಾ?"

ನೀಲಪ್ಪ ಹೊಸ ಕಲ್ಲಿನ ಕಡೆ ನೋಡುತ್ತಿದ್ದ. ಉತ್ತರ ಕೊಟ್ಟವಳು ಶೇಖವ್ವ.

"ಕುಣಿ ಮುಚ್ಚಿ ಬಂದೇವಪಾ. ಮಣ್ಣ ಹಾಕಿ, ತುಳದು."