ಅಪ್ಪ ಸೇದದ ಪೈಪುಗಳು

ನಮ್ಮ ಅಪ್ಪ ಅಮರೇಶಪ್ಪ ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ. ಎಲೆಯಡಿಕೆಗೂ ತಂಬಾಕು ಹಚ್ಚಿದವರಲ್ಲ. ಆದರೂ ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಗಾಜಿನ ಕಪಾಟಿನೊಳಗೆ, ಎಂಬತ್ತಾರು ಪೈಪುಗಳಿದ್ದವು. ಇದನ್ನು ಯಾರಿಗಾದರೂ ನಂಬಿಸಿ ನೋಡಿ. ನಾನು ಶಾಲೆಯ ದಿನಗಳಿಂದ ಪ್ರಯತ್ನಿಸಿ ಸೋತವಳು.

ಅಪ್ಪನಿಗೆ ಸಿಕಂದರಾಬಾದ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತಿಕೆ. ಊರು ಲಿಂಗಸುಗೂರಿನ ಕಡೆ. ನಾನು ಹುಟ್ಟುವ ಮೊದಲು, ಅಲ್ಲಿದ್ದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬ ನೌಕರಿ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗುವಾಗ ಒಂದು ಹಳೇ ಪೈಪನ್ನು ಮೇಜಿನ ಖಾನೆಯಲ್ಲೇ ಬಿಟ್ಟುಹೋದ. ಎಸೆಯಲು ಮನಸ್ಸಾಗದೆ ಅಪ್ಪ ಅದನ್ನು ಒರೆಸುತ್ತ ಕೂತರು. ಕೊಳೆ ಹೋದ ಜಾಗದಲ್ಲಿ ಕೆಂಪು ಮರದ ಎಳೆಗಳು ಕಂಡವು. ಅಂದು ಹಿಡಿದ ಹುಚ್ಚು ಆಮೇಲೆ ಬಿಡಲಿಲ್ಲ. ಗುರುವಾರ ಅವರಿಗೆ ವಾರದ ರಜೆ. ಅದೇ ದಿನ ಹಳೇ ಸಾಮಾನಿನ ಜುಮೇರಾತ್ ಬಜಾರ್. ದಂಡಿನ ಸಾಹೇಬರ ಮನೆಗಳಿಂದ, ದೇವಡಿಗಳೆನ್ನುವ ನವಾಬರ ಹಾಳು ಬಂಗಲೆಗಳಿಂದ ಬಂದ ರಾಶಿಯಲ್ಲಿ ಒಂದಾದರೂ ಪೈಪು ಅವರ ಕೈಗೆ ಸಿಗುತ್ತಿತ್ತು.

ತಂದದ್ದನ್ನು ನೋಡಿದರೆ ವಾಕರಿಕೆ ಬರಬೇಕು, ಹಾಗಿರುತ್ತಿತ್ತು. ತಂಬಾಕು ತುಂಬುವ ಬಟ್ಟಲಿನೊಳಗೆ ಕಲ್ಲಿನಂತೆ ಕೂತ ಇದ್ದಲನ್ನು ಅಪ್ಪ ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದರು. ಉಪ್ಪು ತುಂಬಿ, ರಮ್ಮು ಹನಿಸಿ ಒಂದು ದಿನ ಇಟ್ಟರೆ ಹಳೇ ನಾತವೆಲ್ಲ ಉಪ್ಪಿಗೆ ಇಳಿಯುತ್ತಿತ್ತು. ಔಷಧದಂಗಡಿಯ ಸ್ಪಿರಿಟ್ಟಿಗೆ ಮರದ ಬಣ್ಣ ಕೆಡುತ್ತದೆಂದು ಅವರಿಗೆ ರಮ್ಮೇ ಬೇಕು. ಎದುರು ಮನೆಯ ನಿವೃತ್ತ ಹವಾಲ್ದಾರರು ಮಿಲಿಟರಿ ಕ್ಯಾಂಟೀನಿನಿಂದ ತಂದುಕೊಡುತ್ತಿದ್ದರು. ಕಚ್ಚುವ ಕರಿ ರಬ್ಬರಿನ ಕೊಳವೆಯನ್ನು ಮೇಣದಬತ್ತಿಯ ಉರಿಗೆ ತಾಗಿಸಿಯೂ ತಾಗಿಸದಂತೆ ಆಡಿಸಿದರೆ, ಯಾವುದೋ ಕಾಲದ ಹಲ್ಲಿನ ಗುಳಿಗಳು ತಾವೇ ಉಬ್ಬಿ ಮಟ್ಟವಾಗುತ್ತಿದ್ದವು. ಕೊನೆಗೆ ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ತಿಕ್ಕುವುದು. ಬೇರೆ ಯಾವ ಪುಡಿಗೂ ಅಂಥ ಹೊಳಪು ಬರುವುದಿಲ್ಲ ಎನ್ನುತ್ತಿದ್ದರು. ಕಂಡವರ ಎಂಜಲೆಂದು ಪೈಪುಗಳನ್ನು ಪಡಸಾಲೆ ದಾಟಿ ಒಳಗೆ ಬಿಡದ ನಮ್ಮ ಅವ್ವ ಗಿರಿಜಾಬಾಯಿ, ವಿಭೂತಿ ಗಟ್ಟಿಯನ್ನು ಮಾತ್ರ ತಾನೇ ಪುಡಿ ಮಾಡಿ ಕೊಡುತ್ತಿದ್ದಳು. ವಿಭೂತಿ ಮುಟ್ಟಿದ ಮೇಲೆ ಎಂಜಲು ಎಲ್ಲಿ ಉಳಿಯಿತು ಎಂಬುದು ಆಕೆಯ ನ್ಯಾಯ.

ಎಪ್ಪತ್ತೆಂಟರಲ್ಲಿ ನನ್ನನ್ನು ನೋಡಲು ಮೆಹದಿಪಟ್ಟಣದಿಂದ ಬಂದರು. ಹುಡುಗ ಚನ್ನಬಸಪ್ಪ, ವಿದ್ಯುತ್ ಬೋರ್ಡಿನಲ್ಲಿ ನೌಕರಿ. ಅವರ ತಂದೆ ಸೂಗಪ್ಪನವರು ಸಿಂಧನೂರಿನವರು, ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಹುಡುಗ ಉಪ್ಪಿಟ್ಟು ತಿನ್ನುತ್ತ ನೆತ್ತಿಗೇರಿ ಕೆಮ್ಮಿ, ನಾಚಿ, ತಾವೇ ನಕ್ಕರು. ಮುಚ್ಚುಮರೆ ಯಾಕೆ, ನನಗೆ ಅಷ್ಟಕ್ಕೇ ಮನಸ್ಸಾಯಿತು. ಈ ಸಂಬಂಧ ಕೂಡಿಬರಲಪ್ಪ ಎಂದು ಒಳಗೇ ಕೈಮುಗಿದೆ.

ಸೂಗಪ್ಪನವರು ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ರಮ್ಮಿನ ಬಾಟಲಿ, ಪಕ್ಕದಲ್ಲಿ ಎರಡು ಪೈಪು. ಅವ್ವ ಇಡೀ ಮನೆ ಸಾರಿಸಿದ್ದಳು, ಹಿತ್ತಲನ್ನು ಮರೆತಿದ್ದಳು. ಅಪ್ಪ ಇದ್ದದ್ದನ್ನು ಇದ್ದಂತೆ ಹೇಳಿದರು. ರಮ್ಮು ಪೈಪು ತೊಳೆಯುವುದಕ್ಕೆ, ಪೈಪು ಸೇದುವುದಕ್ಕಲ್ಲ, ಸುಮ್ಮನೆ ಇಡುವುದಕ್ಕೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಯಾರೂ ಮಜ್ಜಿಗೆ ಅನ್ನುವುದಿಲ್ಲ. ವಿವರಿಸಿದಷ್ಟೂ ಅಪ್ಪ ಕುಡುಕರಂತೆಯೇ ಕಾಣತೊಡಗಿದರು. ಕಪಾಟು ಬೇರೆ ಎದುರಿಗೇ ಇತ್ತು.

ಸೂಗಪ್ಪನವರು ಸಿಟ್ಟಿಗೇಳಲಿಲ್ಲ. "ಅಮರೇಶಪ್ಪನೋರ, ಲಿಂಗ ಮುಟ್ಟಿ ಆಣಿ ಮಾಡ್ರಿ. ನಾ ಮತ್ತ ಕೇಳಂಗಿಲ್ಲ," ಎಂದರು.

ಅಪ್ಪ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಒಮ್ಮೆ ಒತ್ತಿ ಹಿಡಿದು ಕೈ ಬಿಟ್ಟರು. "ಲಿಂಗ ಪೂಜಾಕ್ಕ ಐತ್ರಿ, ಸಾಕ್ಷಿ ಹೇಳಾಕಲ್ಲ. ನನ್ನ ಮಾತು ಸಾಲದಿದ್ರ ನಾ ಏನೂ ಮಾಡಾಕ ಬರಂಗಿಲ್ಲ," ಎಂದರು.

ಬೀಗರಾಗಬೇಕಾದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಒಂದು ಆಣೆ! ಅದೂ ನಿಜದ ಆಣೆ. ಮಗಳಿಗಿಂತ ಹಟ ದೊಡ್ಡದಾಯಿತಲ್ಲ ಎಂದು ಎಂಟು ದಿನ ಅವರ ಜೊತೆ ಮಾತು ಬಿಟ್ಟೆ. ಎಂಟನೆಯ ದಿನ, ಸಂಬಂಧ ತಂದಿದ್ದ ಉಮಾಬಾಯಿ ಬಂದು ಸೂಗಪ್ಪನವರ ಮಾತು ಮುಟ್ಟಿಸಿದಳು: ಮನೆಯಲ್ಲಿ ಆ ಕಪಾಟು ಖಾಲಿಯಾದರೆ ಮುಂದಿನ ಮಾತು, ಇಲ್ಲದಿದ್ದರೆ ಇಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಒಂದೊಂದೇ ಪೈಪನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ತುಂಬಿದರು. ಕೂಸಿಗೆ ಕುಲಾವಿ ಕಟ್ಟುವಷ್ಟು ಮೆಲ್ಲಗೆ ಸುತ್ತುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳಿಗೆ, ಕೇಳದೇ ಇದ್ದರೂ, ಹೇಳಿದರು:

"ಶಿವಿ, ಆಣಿ ನನ್ನ ಕೈಯಾಗಿಂದಲ್ಲವಾ, ಅದನ್ನ ಕೊಡಾಕ ಬರಲಿಲ್ಲ. ಇವು ನನ್ನವು. ಕೊಡ್ತೀನಿ."

ಬೇಡ ಎನ್ನಲು ನನಗೆ ಒಂದು ಕ್ಷಣ ಸಾಕಾಗುತ್ತಿತ್ತು. ಅನ್ನಲಿಲ್ಲ. ರಿಕ್ಷಾಕ್ಕೆ ಟ್ರಂಕು ಏರಿಸಲು ನಾನೇ ಒಂದು ಕಡೆ ಹಿಡಿದೆ. ಮದುವೆಯಾಗುವ ಹುಡುಗಿಗೆ ಎಷ್ಟು ಕಲ್ಲು ಮನಸ್ಸಿರುತ್ತದೆ ಎಂದು ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಸಂಜೆ ಅಪ್ಪ ಜುಮೇರಾತ್ ಬಜಾರಿನಲ್ಲಿ ಎಲ್ಲ ಮಾರಿ ಖಾಲಿ ಟ್ರಂಕಿನೊಂದಿಗೆ ಬಂದರು, ಊಟ ಮಾಡಿದರು, ಮುಂದಿನ ತಿಂಗಳು ನನ್ನ ಮದುವೆ ಮಾಡಿದರು.

ಮದುವೆಯಾಗಿ ನಾಲ್ಕು ತಿಂಗಳಿಗೆ, ಮಾತಿಗೆ ಮಾತು ಬಂದು, ನಾನು ನನ್ನ ಗಂಡನಿಗೆ ಕಪಾಟಿನ ಕಥೆ ಹೇಳಿದೆ. ತಂದೆ ಅಂಥ ಕರಾರು ಹಾಕಿದ್ದು ಅವರಿಗೆ ಗೊತ್ತೇ ಇರಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಾಗೇ ಬಿಟ್ಟು ಎದ್ದರು. ಮುಂದಿನ ಗುರುವಾರದಿಂದ ಆಫೀಸು ಬಿಟ್ಟವರೇ ಜುಮೇರಾತ್ ಬಜಾರಿಗೆ ಹೋಗತೊಡಗಿದರು. ಮಾವನವರ ಪೈಪು ಹುಡುಕಿ ಹುಡುಕಿ ತರುತ್ತೇನೆ ಎಂದರು. ಸಿಕ್ಕಾಗ ಅಲ್ಲಿಂದಲೇ ಬಸ್ಸು ಹತ್ತಿ ಮಲ್ಕಾಜ್‌ಗಿರಿಗೆ ಒಯ್ದು ಕೊಟ್ಟು, ಇವತ್ತೊಂದು ಸಿಕ್ಕಿತು ಎಂದು ಹಿಗ್ಗುತ್ತ ಮನೆಗೆ ಬರುತ್ತಿದ್ದರು. ಕೊಂಡವರು ಸೇದಿ ಸೇದಿ ಹೊಲಸು ಮಾಡಿದ್ದಾರೆ ಎಂದು ಬೈಯುತ್ತಿದ್ದರು. ನನಗೆ ಗಂಡನ ಮೇಲೆ ಪ್ರೀತಿ ಉಕ್ಕಿದ್ದೇ ಆ ಗುರುವಾರಗಳಲ್ಲಿ.

ಬಾಣಂತನಕ್ಕೆ ತವರಿಗೆ ಹೋದಾಗ ಕಪಾಟಿನಲ್ಲಿ ಹದಿನಾಲ್ಕು ಪೈಪುಗಳಿದ್ದವು. ಕೂಸು ಮಲಗಿದ ಒಂದು ಮಧ್ಯಾಹ್ನ ಬಾಗಿಲು ತೆಗೆದು ನೋಡಿದೆ. ಎಂಬತ್ತಾರನ್ನೂ ವರ್ಷಗಟ್ಟಲೆ ಧೂಳು ಹೊಡೆದವಳು ನಾನು. ಯಾವುದರ ಕೊರಳು ಡೊಂಕು, ಯಾವುದರ ಅಂಚು ಸುಟ್ಟಿದೆ, ಬೆರಳಿಗೇ ಗೊತ್ತು. ಈ ಹದಿನಾಲ್ಕರಲ್ಲಿ ಒಂದನ್ನೂ ನಾನು ಹಿಂದೆ ಕಂಡಿರಲಿಲ್ಲ.

ಜಗುಲಿಯಲ್ಲಿ ಕೂತು ಯಾವುದೋ ಬಟ್ಟಲು ಕೆರೆಯುತ್ತಿದ್ದ ಅಪ್ಪನನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಹೌದವಾ. ಒಂದೂ ನಂದಲ್ಲ."

ಮತ್ತೆ ಯಾಕೆ ಹೇಳಲಿಲ್ಲ, ಎರಡು ವರ್ಷ ನಿಮ್ಮ ಅಳಿಯನನ್ನು ಸುಮ್ಮನೆ ತಿರುಗಾಡಿಸಿದಿರಲ್ಲ ಎಂದೆ. ನನ್ನ ದನಿ ಏರಿತ್ತು. ಅಪ್ಪ ಚಾಕು ಕೆಳಗಿಟ್ಟರು.

"ಮೊದಲ್ನೇದ್ದು ತಂದಾಗ ಹೇಳಬೇಕಂತ ಬಾಯಿ ತೆರದೆ. ಬಾಗಿಲದಾಗ ನಿಂತಿದ್ರು, ಮೈಯೆಲ್ಲಾ ಬೆವರು. 'ಮಾವಾರ, ಇದು ನಿಮ್ದ ಹೌದಲ್ಲರಿ' ಅಂತ ಕೇಳಿದ್ರು. ಅಷ್ಟು ಆಸೆಲೆ ನನಗ ಯಾರೂ ಏನೂ ತಂದು ಕೊಟ್ಟಿರಲಿಲ್ಲ ಶಿವಿ. ಹೌದು ಅಂದೆ. ಅಂದ ಮ್ಯಾಲ ಅದು ನಂದ ಆತು."

ನನಗೆ ಅಳು ಬಂತು, ಅತ್ತುಬಿಟ್ಟೆ. ಈ ಇಬ್ಬರು ಗಂಡಸರ ನಡುವೆ ನನ್ನನ್ನು ಇಟ್ಟ ಶಿವನಿಗೆ ನಾನು ಏನು ಕೊಟ್ಟರೂ ಸಾಲದು ಅನ್ನಿಸಿತು.

ಮರುದಿನ ಗುರುವಾರ. ಸಂಜೆ ನನ್ನ ಗಂಡ ಬಂದವರು ಕೂಸನ್ನೂ ನೋಡದೆ ಕರವಸ್ತ್ರ ಬಿಚ್ಚಿದರು. ಒಳಗೆ ಮಸಿ ಹಿಡಿದ, ತುದಿ ಕಚ್ಚಿ ಹಾಳಾದ ಒಂದು ಪೈಪು. ಅಪ್ಪ ಸ್ನಾನಕ್ಕೆ ಹೋಗಿದ್ದರು. ಅದಕ್ಕೆ ನನ್ನ ಮುಂದೆ ಹಿಡಿದು ಕೇಳಿದರು: "ನೋಡು, ಇದು ಮಾವಾರದ ಹೌದಲ್ಲ?"

ಕೈಗೆ ತೆಗೆದುಕೊಂಡು, ಅತ್ತ ಇತ್ತ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಲಿಂಗ ಮುಟ್ಟಿ ಹೇಳು ಎಂದಿದ್ದರೂ ಹೇಳುತ್ತಿದ್ದೆ.

"ಹೌದ್ರಿ," ಎಂದೆ. "ಅಪ್ಪಂದ."