ಮೇಷ್ಟ್ರ ಫಿರಂಗಿ ದಳ

ಜುಲೈ ನಾಲ್ಕರ ಮರುದಿನ ಬೆಳಗ್ಗೆ, ಬಾಲ್ಕನಿಯಲ್ಲಿ ಒಣಹಾಕಿದ್ದ ದುಪಟ್ಟಾ ತೆಗೆಯಲು ಹೋದೆ. ಅದಕ್ಕೆ ಸುಟ್ಟ ಮದ್ದಿನ ವಾಸನೆ ಹತ್ತಿತ್ತು. ಹಿಂದಿನ ದಿನ ಅಮೆರಿಕದ ಸ್ವಾತಂತ್ರ್ಯ ದಿನ, ನಾನಿರುವ ಮೀರಾ ಮೆಸಾ ಬಡಾವಣೆ ಪೂರ್ತಿ ಪಟಾಕಿ ಹೊಡೆದಿತ್ತಲ್ಲ... ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೇಷ್ಟ್ರು ನೆನಪಾದರು.

ಅವರು ನನಗೆ ಪಾಠ ಹೇಳಿದವರಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ರಿಟೈರ್ ಆಗಿದ್ದವರು. ವಾಲ್‌ನಟ್ ಎಂಬ ಊರಿನಲ್ಲಿ ಮೊದಲು ನಾನು ಬಾಡಿಗೆಗಿದ್ದ ಮನೆಯ ಪಕ್ಕದ್ದೇ ಅವರ ಮಗಳ ಮನೆ. ೨೦೨೦ರ ಮೊದಲಲ್ಲಿ, ಕೆಲವು ತಿಂಗಳು ಇದ್ದು ಹೋಗೋಣವೆಂದು ಒಬ್ಬರೇ ಬಂದಿದ್ದರು. ಅವರ ಹೆಂಡತಿ, ಕಾಲು ಮುರಿದುಕೊಂಡಿದ್ದ ತಮ್ಮ ಅಕ್ಕನನ್ನು ನೋಡಿಕೊಳ್ಳಲು, ಮೈಸೂರಿನಲ್ಲೇ ಉಳಿದರು. ಆಮೇಲೆ ವಿಮಾನಗಳು ನಿಂತವು. ಶುರುವಾದಾಗ, ಈ ವಯಸ್ಸಲ್ಲಿ ಬೇಡ ಅಂತ ಮಗಳು ತಡೆದಳು. ಎರಡನೇ ಅಲೆಯಲ್ಲಿ ಹೆಂಡತಿ ಹೋಗಿಬಿಟ್ಟರು. ಸಂಸ್ಕಾರವನ್ನು ಮೇಷ್ಟ್ರು ಮಗಳ ಫೋನಿನಲ್ಲಿ ನೋಡಿದರು. ನಡುವೆ ಸಿಗ್ನಲ್ ಹೋಯಿತು. ಮತ್ತೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರು ಅಳಲಿಲ್ಲ. ಹೆಂಡತಿಯ ಮಾತನ್ನೇ ಎತ್ತಲಿಲ್ಲ. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತರಿಸಿಕೊಂಡು ಓದತೊಡಗಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಒಂದು ಸ್ವಯಂಸೇವಕ ಫಿರಂಗಿ ದಳದ ಕಥೆ ಅದು. ನಾನೂ ಗಂಡನಿಂದ ಬೇರೆಯಾಗಿ, ಮನೆಯಿಂದಲೇ ಲ್ಯಾಬಿನ ಕೆಲಸ ಮಾಡುತ್ತಾ, ದಿನಗಟ್ಟಲೆ ಯಾರ ಹತ್ತಿರವೂ ಬಾಯಿ ಬಿಡದೆ ಇದ್ದ ಕಾಲ. ಸಂಜೆ ಗಿಡಕ್ಕೆ ನೀರು ಹಾಕಲು ಬಂದರೆ ಬೇಲಿಯಾಚೆ ಮೇಷ್ಟ್ರು ಮಾಸ್ಕ್ ಹಾಕಿಕೊಂಡು ಕಾದಿರುತ್ತಿದ್ದರು. "ನಿನ್ನೆ ಎಲ್ಲಿಗೆ ನಿಲ್ಸಿದ್ದೆ?" ಅಂತ ಶುರು ಮಾಡುತ್ತಿದ್ದರು.

ಹಾಗೆ ನಾನು ಆ ದಳದ ಕಥೆ ಕೇಳಿದೆ. ಎಲ್ಲ ಹೊಲದಿಂದ ಎದ್ದು ಬಂದ ಹುಡುಗರು. ಕೊಯ್ಲಿನ ಹೊತ್ತಿಗೆ ಮನೆ ಸೇರ್ತೀವಿ ಅಂದುಕೊಂಡೇ ಹೆಸರು ಕೊಟ್ಟಿದ್ದರಂತೆ. ಮೊದಲ ಚಳಿಗಾಲ ಅವರಿಗೆ ಫಿರಂಗಿಯೇ ಸಿಗಲಿಲ್ಲ. ಗಾಡಿಚಕ್ರದ ಮೇಲೆ ಮರದ ದಿಮ್ಮಿ ಕಟ್ಟಿಕೊಂಡು ಕವಾಯತು ಮಾಡಿದರು. ಆಮೇಲೆ ಒಂದು ಕಾಡಿನಂಚಿನ ಕಾಳಗದಲ್ಲಿ ಕುದುರೆಗಳೆಲ್ಲ ಸತ್ತು, ಫಿರಂಗಿಗಳನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆದುಕೊಂಡು ಹಿಂದಕ್ಕೆ ಬಂದರು. ಮುಂದಿನ ಬೇಸಿಗೆಯಿಡೀ ನದಿಯ ಕೆಸರಿನಲ್ಲಿ ಒಂದು ಊರಿಗೆ ಮುತ್ತಿಗೆ...

"ಗುಂಡಿಗೆ ಸತ್ತವರಿಗಿಂತ ದಡಾರ, ಭೇದಿ, ಜ್ವರಕ್ಕೆ ಸತ್ತವರೇ ಜಾಸ್ತಿ ಕಣಮ್ಮ," ಅಂದರು ಒಂದು ಸಂಜೆ. "ಜೊತೆಯವರು ಮಣ್ಣು ಮಾಡಿ ಮಾರನೇ ದಿನ ಮುಂದಕ್ಕೆ ಹೋಗ್ತಿದ್ರು. ಮನೆಯವರಿಗೆ ಯಾವಾಗಲೋ ಸುದ್ದಿ. ಮುಖ ನೋಡಿದ್ದಿಲ್ಲ, ಹಿಡಿ ಮಣ್ಣು ಹಾಕಿದ್ದಿಲ್ಲ. ಅವರೆಲ್ಲ ಹೇಗೆ ಬದುಕಿದ್ರು ಅಂತ ಈ ಪುಸ್ತಕದಲ್ಲಿ ಬರೆದೇ ಇಲ್ಲ, ನೋಡು."

ನಾನು ನಲ್ಲಿ ನಿಲ್ಲಿಸಿ ಬೇಲಿಯ ಹತ್ತಿರಕ್ಕೆ ಹೋದೆ.

ಮರುವರ್ಷ ನನಗೆ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ಕೆಲಸವಾಗಿ, ಅದರ ಹತ್ತಿರದ ಮೀರಾ ಮೆಸಾಗೆ ಬಂದೆ. ಶನಿವಾರ ಶನಿವಾರ ಮೇಷ್ಟ್ರು ಫೋನ್ ಮಾಡುತ್ತಿದ್ದರು. ಒಂದು ಸಲ ದನಿಯಲ್ಲಿ ಉತ್ಸಾಹವಿತ್ತು. ನಾನಿರುವ ಊರಿನಾಚೆಯ ಬೆಟ್ಟದ ಬಯಲಲ್ಲಿ ಹವ್ಯಾಸಿಗಳು ಹಳೇ ನೀಲಿ ಕೋಟು ತೊಟ್ಟು, ಗುಂಡಿಲ್ಲದೆ ಬರೀ ಮದ್ದು ತುಂಬಿ, ಆ ಕಾಲದ ಫಿರಂಗಿ ಹಾರಿಸಿ ತೋರಿಸುತ್ತಾರಂತೆ. ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದರು.

ಅದಾದ ಮೇಲೆ ಮಗಳ ಫೋನು ಬಂತು. "ಅಪ್ಪನಿಗೆ ನೀವಾದ್ರೂ ಹೇಳಿ. ಹಾರ್ಟ್ ಪೇಷೆಂಟ್, ಆ ಸದ್ದು ತಡ್ಕೊಳ್ತಾರಾ? ಅಮ್ಮ ಹೋಗಿ ಒಂದು ವರ್ಷದ ಮೇಲಾಯ್ತು, ಒಂದು ದಿನ ಅಮ್ಮನ ಬಗ್ಗೆ ಮಾತಾಡಿಲ್ಲ. ಯಾರದೋ ದೇಶದ ಯಾವುದೋ ಯುದ್ಧ..." ನೀನೂ ಜೊತೆಗೆ ಬಾ ಅಂದೆ.

ಬಂದಳು. ಮೂವರೂ ಬಿಸಿಲಲ್ಲಿ ಹಗ್ಗದ ಈಚೆ ನಿಂತೆವು. ಫಿರಂಗಿ ಒಂದೊಂದು ಸಲ ಹಾರಿದಾಗಲೂ ಎದೆಯೊಳಗೇ ಯಾರೋ ಗುದ್ದಿದ ಹಾಗಾಗುತ್ತಿತ್ತು. ಮಗಳು ಅಪ್ಪನ ತೋಳು ಬಿಗಿಯಾಗಿ ಹಿಡಿದಿದ್ದಳು. ಕೊನೆಯಲ್ಲಿ ಗುಂಪಿನ ಹಿರಿಯ, ಬಿಳಿಗಡ್ಡದವನು, ಮುಂದೆ ಬಂದು ಒಂದು ಮಾತು ಹೇಳಿದ. ನಿಮ್ಮಲ್ಲಿ ಯಾರಾದರೂ ಕಳೆದುಕೊಂಡವರ ಹೆಸರನ್ನು ಜೋರಾಗಿ ಕೂಗಿ ಹೇಳಿದರೆ, ಆ ಹೆಸರಿಗೆ ಒಂದು ಸಲ ಹಾರಿಸುತ್ತೇವೆ.

ಮೇಷ್ಟ್ರು ಕೈ ಎತ್ತಿದರು.

"ಯಾರ ಹೆಸರಿಗೆ ಸರ್?" ಅಂತ ಅವನು ಇಂಗ್ಲಿಷಿನಲ್ಲಿ ಕೇಳಿದ.

"ನನ್ನ ಹೆಂಡತಿ," ಅಂದರು ಮೇಷ್ಟ್ರು. ಅಷ್ಟಕ್ಕೇ ನಿಂತರು. ಅವನು ಹೆಸರಿಗಾಗಿ ಕಾದ. ಮನೆಯಲ್ಲಿ ಜೀವಮಾನವಿಡೀ 'ಇವಳೇ' ಎಂದೇ ಕರೆದಿದ್ದ ಬಾಯಿಂದ ಹೆಸರು ಹೊರಡಲಿಲ್ಲ. ತುಟಿ ಅಲುಗಿತು, ನಿಂತಿತು. ಆಮೇಲೆ ಅವರು ಎದೆಯುಬ್ಬಿಸಿ, ಕ್ಲಾಸಿನ ಕೊನೇ ಬೆಂಚಿಗೂ ಕೇಳುವ ದನಿಯಲ್ಲಿ, ಆ ಹೆಸರನ್ನು ಕೂಗಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವರು ಹೇಳಬೇಕಾದ ಹೆಸರು.

ಫಿರಂಗಿ ಹಾರಿತು. ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಹೊಗೆ ನಮ್ಮ ಮೇಲೇ ಹಾದುಹೋಯಿತು. ಹೊಗೆ ಸರಿದಾಗ ಮೇಷ್ಟ್ರ ಕೆನ್ನೆ ಒದ್ದೆಯಾಗಿತ್ತು.

"ಈಗ ತಲೆಗೆ ಸ್ನಾನ ಮಾಡ್ಬೇಕು ಪುಟ್ಟಿ," ಅಂದರು ಮಗಳಿಗೆ.

ಸಾವಿನ ಸ್ನಾನ. ಒಂದು ವರ್ಷ ತಡವಾಗಿತ್ತು, ಅಷ್ಟೇ. ಮಗಳಿಗೆ ಅರ್ಥವಾಯಿತು. ಅಲ್ಲೇ, ಅಷ್ಟು ಜನರ ನಡುವೆ, ಅಪ್ಪನನ್ನು ತಬ್ಬಿಕೊಂಡು ಅತ್ತುಬಿಟ್ಟಳು.

ಮೀರಾ ಮೆಸಾದ ನನ್ನ ಪುಟ್ಟ ಬಾತ್‌ರೂಮಿನಲ್ಲಿ ಅವರು ತುಂಬ ಹೊತ್ತು ನೀರು ಹೊಯ್ದುಕೊಂಡರು. ಆಮೇಲೆ ನಾನು ಮಾಡಿದ ಅನ್ನ, ಸಾರು ಉಂಡರು. ಹೆಂಡತಿ ಸಾರಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದದ್ದು, ಅದಕ್ಕೆ ಆಗುತ್ತಿದ್ದ ಜಗಳ, ಸಿಟ್ಟು ಮಾಡಿಕೊಂಡು ಅಕ್ಕನ ಮನೆಗೆ ಹೋಗಿ ಸಂಜೆಗೇ ವಾಪಸ್ ಬರುತ್ತಿದ್ದದ್ದು... ಕತ್ತಲಾಗುವವರೆಗೂ ಹೇಳಿದರು. ಮಗಳು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಆ ದಳದ ಮಾತು ಒಮ್ಮೆಯೂ ಬರಲಿಲ್ಲ.

ಆಮೇಲೂ ಶನಿವಾರದ ಫೋನು ತಪ್ಪಲಿಲ್ಲ. ಹೋದ ವರ್ಷ, ಮೈಸೂರಿಗೆ ಹೋಗಿಬರಲು ಟಿಕೆಟ್ ಮಾಡಿಸಬೇಕು ಅನ್ನುತ್ತಿದ್ದಾಗಲೇ, ಮಧ್ಯಾಹ್ನದ ನಿದ್ದೆಯಲ್ಲಿ ಹೋದರು. ಸುದ್ದಿ ತಿಳಿದು ಡ್ರೈವ್ ಮಾಡಿಕೊಂಡು ಹೋದೆ. ಟ್ರಾಫಿಕ್ ಇತ್ತು; ಆದರೂ ಕೊನೆಗೆ ಮುಖ ನೋಡಲು ಸಿಕ್ಕಿತು. ಮಗಳು ಈಗ ವಾಲ್‌ನಟ್‌ನ ಮನೆ ಮಾರಿ ಬೇರೆ ರಾಜ್ಯಕ್ಕೆ ಹೋಗಿದ್ದಾಳೆ. ಹಬ್ಬಕ್ಕೆ ಮೆಸೇಜ್ ಮಾಡುತ್ತಾಳೆ.

ಇಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ. ಕೆಲಸವಿದೆ, ಮನೆಯಿದೆ, ನಾಲ್ಕು ಹೆಜ್ಜೆಗೆ ನಮ್ಮವರ ದಿನಸಿ ಅಂಗಡಿಯಿದೆ. ಆದರೆ "ಊಟ ಆಯ್ತೇನಮ್ಮ?" ಅಂತ ಕೇಳಿ, ಉತ್ತರ ಬರುವವರೆಗೂ ಕಾಯುತ್ತಿದ್ದವರು ಈ ದೇಶದಲ್ಲಿ ಅವರೊಬ್ಬರೇ ಇದ್ದರು.