ನೀಲಿ ಅಂಚಿನ ತಟ್ಟೆಯ ಗುರುತು

ಯಾರಾದರೂ ಪಿಂಗಾಣಿ ತಟ್ಟೆ ಕೊಟ್ಟರೆ ನಾನು ಮೊದಲು ಅದನ್ನು ಬೋರಲು ಹಾಕಿ ನೋಡುತ್ತೇನೆ. ಒಮ್ಮೆ ಊಟಕ್ಕೆ ಕರೆದವರ ಮನೆಯಲ್ಲೂ ಹೀಗೆ ಮಾಡಿಬಿಟ್ಟೆ. ತಟ್ಟೆ ಸರಿಯಾಗಿ ತೊಳೆದಿಲ್ಲವೆಂದು ನನಗೆ ಅನುಮಾನ ಬಂದಿದೆ ಅಂದುಕೊಂಡು ಆ ಮನೆಯಾಕೆ ಬೇರೆ ತಟ್ಟೆ ತಂದಿಟ್ಟರು. ಅಭ್ಯಾಸಬಲ, ಅದನ್ನೂ ಬೋರಲು ಹಾಕಿದೆ.

ನೋಡುವುದು ತಳದಲ್ಲಿರುವ ಕಂಪನಿಯ ಮುದ್ರೆಯನ್ನು. ಹಳೆಯ ತಟ್ಟೆಯ ಮುದ್ರೆ ಮೇಲಿನ ಗಾಜಿನಂಥ ಮೆರುಗಿನೊಳಗೆ ಮುಳುಗಿದಂತೆ ಇರುತ್ತದೆ, ಉಗುರಿಗೆ ಸಿಗುವುದಿಲ್ಲ. ಹೊಸದರಲ್ಲಿ ಅದು ಹಣೆಯ ಸ್ಟಿಕ್ಕರಿನಂತೆ ಮೇಲೆಯೇ ಕೂತಿರುತ್ತದೆ. ಬೆರಳ ತುದಿಯಲ್ಲಿ ಹಿಡಿದು ಅಂಚಿಗೆ ಬಡಿದರೆ ಗಟ್ಟಿ ತಟ್ಟೆ ಗಂಟೆಯ ಹಾಗೆ ನುಡಿಯುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಕೆಮ್ಮುತ್ತದೆ. ಮೆರುಗಿನಲ್ಲಿ ಸಣ್ಣ ಗೆರೆಗಳ ಜಾಲ ಬಿದ್ದು ಅದರೊಳಗೆ ಅರಿಶಿನ ಇಳಿದಿದ್ದರೆ ಆ ತಟ್ಟೆ ಬಹಳ ವರ್ಷ ಸಾರು ಕಂಡಿದೆ ಎಂದರ್ಥ.

ಇಷ್ಟು ಹೇಳುವ ನಾನು ಮಧುಗಿರಿಯಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವವನು. ಬೇರಿಂಗು, ಬುಷ್ಷು ಹುಡುಕಿಕೊಂಡು ಗುಜರಿ ಅಂಗಡಿಗಳಿಗೆ ಹೋಗುವುದು ಹಳೆಯ ರೂಢಿ. ತಟ್ಟೆಗಾಗಿ ಹೋಗತೊಡಗಿದ್ದು ಹೆಂಡತಿ ರತ್ನ ತೀರಿಕೊಂಡ ಮೇಲೆ.

ರತ್ನ ಉಣ್ಣುತ್ತಿದ್ದದ್ದು ನೀಲಿ ಅಂಚಿನ, ನಡುವೆ ಗುಲಾಬಿ ಹೂವಿದ್ದ ಒಂದು ಪಿಂಗಾಣಿ ತಟ್ಟೆಯಲ್ಲಿ. ಬಿಸಿ ಮುದ್ದೆ ಹಾಕಿದರೆ ತೊಡೆಯ ಮೇಲಿಟ್ಟ ಸ್ಟೀಲು ತಟ್ಟೆ ಸುಡುತ್ತದಂತೆ. “ನಿಮ್ದು ದಪ್ಪ ಚರ್ಮ, ನೀವು ಸ್ಟೀಲಾಗೇ ಉಣ್ಣಿ” ಅನ್ನುತ್ತಿದ್ದಳು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಲೋಹದ ಪಾತ್ರೆಗಳನ್ನು ಹುಣಸೇಹಣ್ಣು ಹಚ್ಚಿ ಬೆಳಗಿ ಒಳಗಿಟ್ಟುಕೊಳ್ಳುತ್ತಾರೆ. ಮಣ್ಣಿನವನ್ನು ಹೊರಗೆ ಹಾಕುತ್ತಾರೆ. ಹನ್ನೊಂದನೆಯ ದಿನ, ಪುರವರದಿಂದ ಬಂದಿದ್ದ ನನ್ನ ಅಕ್ಕ ಮಡಕೆಗಳ ಜೊತೆ ಆ ತಟ್ಟೆಯನ್ನೂ ಬೇಲಿ ಪಕ್ಕ ಇಟ್ಟುಬಿಟ್ಟಳು. ನನಗೆ ಗೊತ್ತಾಗುವಷ್ಟರಲ್ಲಿ ಗುಜರಿ ಗಾಡಿ ಬಂದುಹೋಗಿತ್ತು.

“ತಟ್ಟೆ ಯಾಕಕ್ಕ ಹಾಕ್ಬುಟ್ಟೆ?”

“ಪಿಂಗಾಣಿನೂ ಮಣ್ಣೇ ಕಣ್ಲಾ. ಸುಟ್ಟು ಹೂವ ಬರ್ದವ್ರೆ ಅಷ್ಟೆ. ಇನ್ನೇನ್ ಬಂಗಾರ್ದಾಗೆ ಮಾಡವ್ರಾ?”

ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಆಮೇಲೆ ವಿಚಾರಿಸಿದರೆ ಅಕ್ಕ ಹೇಳಿದ್ದೇ ಸರಿ. ಪಿಂಗಾಣಿಯೆಂದರೆ ಬಿಳಿ ಜೇಡಿಮಣ್ಣು, ಮಡಕೆಗಿಂತ ಹೆಚ್ಚು ಬೆಂಕಿ ಕಂಡದ್ದು ಅಷ್ಟೆ. ಶಾಲೆಯ ಮೆಟ್ಟಿಲು ಹತ್ತದ ಅಕ್ಕನಿಗೆ ಗೊತ್ತಿದ್ದದ್ದು ಹತ್ತನೇ ಕ್ಲಾಸು ಪಾಸಾದ ನನಗೆ ಗೊತ್ತಿರಲಿಲ್ಲ. ತಿಳುವಳಿಕೆಯಿಂದ ನಮ್ಮ ಮನೆಗೆ ನಷ್ಟವಾದದ್ದು ಅದೇ ಮೊದಲು.

ಹುಡುಕಲು ಹೊರಟೆ. ಮಧುಗಿರಿಯ ಗುಜರಿಯಲ್ಲಿ ಸಿಗಲಿಲ್ಲ. ಸರಕು ಲಾರಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ ಅಂದರು. ಕೊರಟಗೆರೆಯಲ್ಲಿ ಬರೀ ಉಪ್ಪಿನಕಾಯಿ ಜಾಡಿ, ಹಿಡಿ ಮುರಿದ ಕಪ್ಪು. ಶಿರಾದಲ್ಲಿ ಅಂಗಡಿಯ ಸಾಹೇಬರು ನಾನು ಹೂವು ಹುಡುಕುವುದನ್ನು ನೋಡಿ ನಕ್ಕರು. “ಅರೆ ಭಾಯ್, ಹೂವಾ ಏನ್ ನೋಡ್ತೀರಿ? ಹೂವಾ ಎಲ್ಲಾರೂ ಹಾಕ್ತಾರೆ. ಉಲ್ಟಾ ಮಾಡಿ ನೋಡಿ!” ಎಂದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು ತೋರಿಸಿಕೊಟ್ಟರು. ಮುದ್ರೆ, ನಾದ, ಜಾಲ, ಈ ವಿದ್ಯೆಯೆಲ್ಲ ಅವರದು. ಕೆಲವೇ ತಿಂಗಳಲ್ಲಿ, ಯಾರ ಮನೆಯ ಷೋಕೇಸಿನಲ್ಲಿರುವುದು ಅಜ್ಜಿಯ ಕಾಲದ್ದು, ಯಾವುದು ಹೋದ ವರ್ಷದ್ದು ಎಂದು ಹೇಳುವಷ್ಟಾದೆ. ಕೇಳಿದವರಿಗೆ ಮಾತ್ರ ಹೇಳಬೇಕು ಎಂಬುದನ್ನು ಕಲಿಯಲು ಇನ್ನಷ್ಟು ಕಾಲ ಹಿಡಿಯಿತು.

ಕೊನೆಗೆ ಪಾವಗಡದಲ್ಲಿ, ಒಬ್ಬ ಹೆಂಗಸು ನಡೆಸುವ ಗುಜರಿಯಲ್ಲಿ, ಆ ತಟ್ಟೆ ಕಂಡಿತು. ಅದೇ ನೀಲಿ ಅಂಚು, ಅದೇ ಗುಲಾಬಿ. “ಇದು ನಮ್ಮನೇದು” ಅಂದೆ. ಎತ್ತಿಕೊಂಡರೆ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೆರಡು.

“ನಾಲ್ಕೂ ಒಕೇ ರಕಂ. ನಿಮ್ದು ಯಾವ್ದಪ್ಪಾ? ಗುರುತು ಏಮಿ?” ಅಂದಳು ಆಕೆ, ತೆಲುಗು ಬೆರೆಸಿ.

ನಾಲ್ಕನ್ನೂ ಬೋರಲು ಹಾಕಿದೆ. ಮುದ್ರೆ ಒಂದೇ. ಬಡಿದೆ, ಯಾವುದೂ ಕೆಮ್ಮಲಿಲ್ಲ. ಒಂದರ ಅಂಚಿನಲ್ಲಿ ಎಳ್ಳಷ್ಟು ಚಕ್ಕೆ ಹೋಗಿತ್ತು, ಒಂದಕ್ಕೆ ಅರಿಶಿನದ ಕಲೆ, ಒಂದರ ತುಂಬ ಗೀರು, ಒಂದರ ತಳದಲ್ಲಿ ಕಪ್ಪು ಚುಕ್ಕೆ. ರತ್ನಳ ತಟ್ಟೆಯಲ್ಲಿ ಇದ್ದದ್ದು ಇವುಗಳಲ್ಲಿ ಯಾವುದು? ಯಾರ ತಟ್ಟೆಯನ್ನಾದರೂ ಗುರುತು ಹಿಡಿಯಬಲ್ಲವನು ಅಲ್ಲಿ ಬೆವರಿದೆ. ಇಪ್ಪತ್ತೆಂಟು ವರ್ಷ ಅವಳ ತಟ್ಟೆಯನ್ನು ಎದುರು ಕೂತು ನೋಡಿದ್ದೇನೆ. ಒಂದು ದಿನವೂ ತೊಳೆದವನಲ್ಲ. ನನ್ನದನ್ನೂ ಅವಳೇ ತೊಳೆಯುತ್ತಿದ್ದಳು.

“ಗುರುತು ಗೊತ್ತಿಲ್ಲ ಕಣಮ್ಮ” ಅಂದೆ. “ಹೆಂಡ್ತಿದು. ಹೋಗ್ಬುಟ್ಳು.”

ಆಕೆ ಹಳೇ ಪೇಪರು ಎಳೆದುಕೊಂಡು, “ಗುರುತು ತೆಲೀದು ಅಂದ್ರೆ ಬಿಟ್ಟು ಹೋಗ್ತೀಯೇಮಯ್ಯಾ? ನಾಲ್ಕೂ ಎತ್ಕೋ” ಎಂದು ಒಂದೊಂದನ್ನೇ ಸುತ್ತತೊಡಗಿದಳು.

ಬಸ್ಸಿನಲ್ಲಿ ಮಿಡಿಗೇಶಿ ದಾಟಿದರೂ ಗಂಟನ್ನು ಕೆಳಗಿಡಲಿಲ್ಲ. ಮನೆಗೆ ಬಂದು ನಾಲ್ಕು ದಿನ ನಾಲ್ಕರಲ್ಲೂ ಉಂಡು ನೋಡಿದೆ. ಯಾವ ತಟ್ಟೆಯೂ ಏನೂ ಹೇಳಲಿಲ್ಲ. ಐದನೆಯ ದಿನ ಅಕ್ಕನನ್ನೂ ಪಕ್ಕದ ಮನೆಯ ಗಂಡಹೆಂಡಿರನ್ನೂ ಊಟಕ್ಕೆ ಕರೆದೆ. ಯಾರ ಮುಂದೆ ಯಾವುದು ಬಂತೆಂದು ನೋಡಲಿಲ್ಲ. ಉಂಡಾದ ಮೇಲೆ ಅಕ್ಕ ತಟ್ಟೆ ಎತ್ತಲು ಬಂದಳು. “ಬುಡು, ನಾನು ತೊಳೀತೀನಿ” ಅಂದೆ. ಅವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು.

ನಾಲ್ಕರಲ್ಲಿ ಒಂದು ರತ್ನಳದು ಎಂದು ನನಗೆ ಖಚಿತ. ಬಂದವರಿಗೆ ಹೇಳುವುದಿಲ್ಲ, ಹೇಳಿದರೆ ಯಾರೂ ಹೊಟ್ಟೆತುಂಬ ಉಣ್ಣರು. ಮುಂದಿನ ಭಾನುವಾರಕ್ಕೆ ಇಬ್ಬರನ್ನು ಕರೆದಿದ್ದೇನೆ. ನನ್ನದೂ ಸೇರಿ ಮೂರು ತಟ್ಟೆಯಾಯಿತು. ನೀವು ಬಂದುಬಿಡಿ.